ಗುರುವಾರದ ಕಿವಿ

ಮಗಳಿಗೆ ಏಳು ವರ್ಷ ಆಗಿದ್ದಾಗ ಮಾಸ್ಟ್ರು ಅವಳಿಗೊಂದು ಮಾತು ಕೊಟ್ಟಿದ್ದರು.

ಆಗ ಅವರು ಹಾಡು ಮುದ್ರಿಸುವ ಸ್ಟುಡಿಯೊ ಒಂದರಲ್ಲಿ ಕೆಲಸಕ್ಕಿದ್ದರು. ಮಾಸ್ಟ್ರು ಅನ್ನುವುದು ಅಲ್ಲಿಯವರು ಕರೆದೂ ಕರೆದೂ ಉಳಿದ ಹೆಸರು. ಗಾಜಿನ ಆಚೆ ಹಾಡುವವರು, ಈಚೆ ಇವರು. ಇವರ ಮುಂದೆ ಮೇಜಿನ ತುಂಬ ಗುಂಡಿಗಳು, ಮುಳ್ಳು ನಡುಗುವ ಮೀಟರುಗಳು. ಒಂದು ಭಾನುವಾರ ಸ್ಟುಡಿಯೊ ಖಾಲಿಯಿದ್ದಾಗ ಮಗಳನ್ನು ಸ್ಟೂಲಿನ ಮೇಲೆ ಹತ್ತಿಸಿ, ಮೈಕು ಅವಳ ಬಾಯಿಯ ಎತ್ತರಕ್ಕೆ ಇಳಿಸಿ ಹಾಡಿಸಿದರು. ಹಾಡು ಮುಗಿದಾಗ ಬಾಗಿಲ ಕಾವಲುಗಾರ ಚಪ್ಪಾಳೆ ತಟ್ಟಿದ. ಪಿಟೀಲಿನವರು ಕೆನ್ನೆ ಹಿಂಡಿದರು. ತಾಯಿ ಸೆರಗಲ್ಲಿ ಕಣ್ಣೊರೆಸಿಕೊಂಡಳು. ಮಾಸ್ಟ್ರು ಮಾತ್ರ ಟೇಪನ್ನು ಹಿಂದಕ್ಕೆ ಸುತ್ತಿ, ಇನ್ನೊಮ್ಮೆ ಪೂರ್ತಿ ಕೇಳಿ, "ಎರಡನೇ ಸಾಲಲ್ಲಿ ಮೂಗಿಂದ ಹಾಡಿದೀಯ. ಕೊನೇಲಿ ಬಸ್ಸು ತಪ್ಪೋ ಹಾಗೆ ಓಡಿದೀಯ" ಅಂದರು.

ಮಗಳು ಮನೆ ಮುಟ್ಟುವ ತನಕ ಅತ್ತಳು. ಊಟಕ್ಕೆ ಕೂತ ಮೇಲೆ ಮೂಗು ಒರೆಸಿಕೊಂಡು ಕೇಳಿದಳು: "ಅಪ್ಪ, ಅವರೆಲ್ಲ ಚೆನ್ನಾಗಿದೆ ಅಂದದ್ದು ಸುಳ್ಳಾ?"

"ಸುಳ್ಳಲ್ಲ ಪುಟ್ಟಿ, ಪ್ರೀತಿ."

"ಹಂಗಾದ್ರೆ ನೀನು ಪ್ರೀತಿ ಮಾಡ್ಬೇಡ. ನಿಜ ಹೇಳು."

ತಾಯಿ ತಟ್ಟೆಗೆ ಅನ್ನ ಹಾಕುತ್ತಿದ್ದವಳು ನಕ್ಕುಬಿಟ್ಟಳು. ಮಾಸ್ಟ್ರು ನಗಲಿಲ್ಲ. ಎಂಜಲು ಕೈಯನ್ನು ತಟ್ಟೆಯ ಅಂಚಿಗಿಟ್ಟು, ದೊಡ್ಡವರಿಗೆ ಹೇಳುವ ಹಾಗೆ ಹೇಳಿದರು. "ಬೇರೆಯವರ ಹಾಡಿಗೆ ಏನಾದ್ರೂ ಹೇಳಿಯೇನು, ಅದು ಹೊಟ್ಟೆಪಾಡು. ನಿನ್ನ ಹಾಡಿಗೆ ಮಾತ್ರ ನನ್ನ ಕಿವಿಗೆ ಬಿದ್ದದ್ದನ್ನ ಬಿದ್ದ ಹಾಗೇ ಹೇಳ್ತೀನಿ. ಬಿದ್ದದ್ದನ್ನ ಮುಚ್ಚಿಡಲ್ಲ, ಬೀಳದ್ದನ್ನ ಸೇರಿಸಲ್ಲ. ಸರಿನಾ?"

"ಸರಿ" ಅಂದು ಮಗಳು ಉಣ್ಣಲು ಶುರುಮಾಡಿದಳು.

ಇದಾಗಿ ಇಪ್ಪತ್ತೊಂದು ವರ್ಷ. ಸ್ಟುಡಿಯೊ ಮುಚ್ಚಿ ಆರು ವರ್ಷ. ಮಾಸ್ಟ್ರು ಮನೆಯಲ್ಲೇ ಇದ್ದಾರೆ. ಬೆಳಗ್ಗೆ ಪೇಪರು, ಮಧ್ಯಾಹ್ನ ನಿದ್ದೆ, ಸಂಜೆ ಕೆಳಗಿನ ಕಟ್ಟೆಯ ಮೇಲೆ ನಾಲ್ಕು ಜನ ನಿವೃತ್ತರ ಜೊತೆ ಹರಟೆ. ಮನೆ ನಡೆಯುವುದು ಹೆಂಡತಿಯ ಹೊಲಿಗೆ ಮಷೀನಿನ ಮೇಲೆ. ಇಡೀ ಬೀದಿ ಅವಳನ್ನು ಟೈಲರಮ್ಮ ಅಂತಲೇ ಕರೆಯುವುದು. ಮೂರನೇ ಮಹಡಿಯ ಮನೆ, ಎರಡು ಕೋಣೆ, ನಡುವೆ ಒಂದು ಪಡಸಾಲೆ. ಪಡಸಾಲೆಯ ಕಿಟಕಿಯ ಬಳಿ ಮಷೀನು, ಅದರ ಪಕ್ಕ ಮಾಸ್ಟ್ರ ತಾಯಿಯ ಮಂಚ. ಅಜ್ಜಿಗೆ ಎಂಬತ್ನಾಲ್ಕು, ಕಿವಿ ಪೂರ್ತಿ ಹೋಗಿದೆ. ಕಿವಿಗೆ ಹಾಕುವ ಯಂತ್ರ ಮೇಜಿನ ಡ್ರಾಯರಿನಲ್ಲಿ ಹಾಯಾಗಿ ಮಲಗಿರುತ್ತದೆ. "ಅದನ್ನ ಹಾಕ್ಕೊಂಡ್ರೆ ನೀವೆಲ್ಲ ಮಾತಾಡೋದು ಕೇಳ್ಬೇಕಾಗುತ್ತೆ" ಅನ್ನುವುದು ಅಜ್ಜಿಯ ತಕರಾರು. ಬೇಕಾದಾಗ ತುಟಿ ನೋಡಿ ಓದುತ್ತಾಳೆ, ಬೇಡವಾದಾಗ ಗೋಡೆ ಕಡೆ ತಿರುಗುತ್ತಾಳೆ.

ಟೈಲರಮ್ಮ ಈಗ ಹೊಲಿಯುವುದು ಆಸ್ಪತ್ರೆಯೊಂದರ ಬಿಳಿ ಕೋಟುಗಳನ್ನು. ಹದಿನೈದು ದಿನಕ್ಕೆ ನಲವತ್ತು ಕೋಟು, ಒಂದೊಂದಕ್ಕೆ ಮೂರು ಜೇಬು. ಜೇಬಿನ ಮೂಲೆ ತಪ್ಪಿದರೆ ವಾಪಸು.

ಚಳಿ ಮುಗಿಯುತ್ತಿದ್ದ ದಿನಗಳಲ್ಲಿ ಮಗಳು ಬಂದು ಅಮ್ಮನ ಕಂದು ಕಾಗದ ಕೇಳಿದಳು. ಅಳತೆ ಬರೆದು ಕತ್ತರಿಸುವ ಅಗಲದ ಕಾಗದ.

"ಎಷ್ಟು ಬೇಕು?"

"ಗೋಡೆ ಉದ್ದ."

"ಗೋಡೆಗೆ ಅಂಗಿ ಹೊಲೀತೀಯೇನೇ?"

ಮಗಳು ನೆಲದ ಮೇಲೆ ಕಾಗದ ಹಾಸಿ, ಅಮ್ಮನ ಸೀಮೆಸುಣ್ಣದಿಂದಲೇ ಗೆರೆ ಎಳೆದಳು. ಹನ್ನೆರಡು ಮನೆ, ಪ್ರತಿ ಮನೆಯೊಳಗೆ ಮೂರು ಸಣ್ಣ ಮನೆ. ಅವಳು ವಾದ್ಯದಂಗಡಿಯ ಕೆಲಸವನ್ನು ಬುಧವಾರದ ಒಂದು ದಿನಕ್ಕೆ ಇಳಿಸಿಕೊಂಡು, ಮನೆಯಲ್ಲೇ ಹಾಡು ಮುದ್ರಿಸುವವರಿಗೆ ಕೆಲಸ ಕಲಿಸುವ ವೆಬ್‌ಸೈಟು ತೆರೆದಿದ್ದಳು. ತೆರೆಯುವುದು ಸುಲಭ. ವಾರವಾರ ಅದಕ್ಕೆ ಉಣಿಸುವುದೇ ಕಷ್ಟ. ಸೋಮವಾರ ಒಂದು ಪಾಠ. ಬೀರುವಿನ ಬಟ್ಟೆಗಳ ನಡುವೆ ಮೈಕಿಟ್ಟು ಹಾಡುವುದು ಹೇಗೆ, ಫ್ಯಾನಿನ ಸದ್ದು ತಪ್ಪಿಸುವುದು ಹೇಗೆ, ಅಂಥದ್ದು. ಶನಿವಾರ ಓದುಗರ ಪ್ರಶ್ನೆಗಳಿಗೆ ಉತ್ತರ. ನಡುವೆ ಗುರುವಾರದ ಮನೆ ಖಾಲಿಯಿತ್ತು.

"ಇಲ್ಲಿ ಅಪ್ಪ" ಅಂದಳು ಮಗಳು.

"ನಾನಾ?"

"ಓದುಗರು ತಾವು ಮಾಡಿದ ಹಾಡು ಕಳಿಸ್ತಾರೆ. ನೀನು ಕೇಳಿ ಎಲ್ಲಿ ಏನು ತಪ್ಪಿದೆ ಹೇಳ್ಬೇಕು. ನಾನು ವಿಡಿಯೊ ಮಾಡ್ತೀನಿ. ಹೆಸರು 'ಗುರುವಾರದ ಕಿವಿ'. ಅಂಗಡಿ ಯಜಮಾನ್ರು ಹೇಳಿದಾರೆ, ಹನ್ನೆರಡು ವಾರ ಒಂದೂ ತಪ್ಪದೆ ಹಾಕಿ ತೋರಿಸು, ವರ್ಷಪೂರ್ತಿ ಜಾಹೀರಾತು ಕೊಡ್ತೀನಿ ಅಂತ. ತಪ್ಪಿದ್ರೆ ಇಲ್ಲ."

ಮಾಸ್ಟ್ರು ಹೆಂಡತಿಯ ಮುಖ ನೋಡಿದರು. ಟೈಲರಮ್ಮ ಬಾಬಿನ್ನಿಗೆ ದಾರ ಸುತ್ತುತ್ತಿದ್ದಳು. ದಾರ ಕಿತ್ತುಹೋಯಿತು.

ಯಾಕೆಂದರೆ ಅವಳಿಗೆ ಗೊತ್ತಿತ್ತು. ಮಾಸ್ಟ್ರ ಕೈಗಡಿಯಾರ ದಿನಾ ಬೆಳಗ್ಗೆ ಆರಕ್ಕೆ ಕೀ ಕೀ ಅಂತ ಸಣ್ಣಗೆ ಕೂಗುತ್ತದೆ. ಮೂರು ವರ್ಷದಿಂದ ಅದನ್ನು ಅವರ ಮಣಿಕಟ್ಟಿನ ಮೇಲೇ ಒತ್ತಿ ಬಾಯಿ ಮುಚ್ಚಿಸುತ್ತಿರುವವಳು ಅವಳು. ಮಾತು ಕೇಳಿಸುತ್ತದೆ, ಬಾಗಿಲು ಬಡಿದರೆ ಕೇಳಿಸುತ್ತದೆ, ಕೆಳಗೆ ಲಾರಿ ಬಂದರೆ ಇವಳಿಗಿಂತ ಮೊದಲು ಕೇಳಿಸುತ್ತದೆ. ಸಣ್ಣ ಸದ್ದು, ಚೂಪು ಸದ್ದು ಅವರ ಪಾಲಿಗೆ ಇಲ್ಲವೇ ಇಲ್ಲ. ಇಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

"ಆಗಲಿ" ಅಂದರು ಮಾಸ್ಟ್ರು. "ಆದ್ರೆ ಹಾಡು ನನಗೆ ಒಂದು ದಿನ ಮೊದಲೇ ಕೊಡ್ಬೇಕು. ಸ್ಟುಡಿಯೊದಲ್ಲೂ ಅದೇ ಪದ್ಧತಿ. ಬುಧವಾರ ಕೇಳ್ತೀನಿ, ಗುರುವಾರ ಹೇಳ್ತೀನಿ."

ಮಗಳು ಕುಣಿದಾಡಿಬಿಟ್ಟಳು. ಕಾಗದವನ್ನು ಗೋಡೆಗೆ ಅಮ್ಮನ ಗುಂಡುಸೂಜಿಗಳಿಂದಲೇ ಚುಚ್ಚಿದಳು. ಆಮೇಲೆ ಒಂದು ಕಾಯಿದೆ ಓದಿದಳು: ಗುರುವಾರ ನಾಲ್ಕರಿಂದ ಆರು ಮಷೀನು ಬಂದ್. ಸೋಮವಾರ, ಶನಿವಾರವೂ ಅಷ್ಟೇ. ಅಡುಗೆಮನೆಯಲ್ಲಿ ಪಾತ್ರೆ ಸದ್ದು ಬೇಡ. ಅಜ್ಜಿಯ ಟೀವಿ ಬೇಡ.

"ಟೀವಿ ಹೆಂಗೂ ನನಗೆ ಕೇಳಲ್ಲ" ಅಂದಳು ಅಜ್ಜಿ, ಮೊಮ್ಮಗಳ ತುಟಿ ನೋಡಿ.

"ನಮಗೆ ಕೇಳುತ್ತೆ ಅಜ್ಜಿ! ಪಕ್ಕದ ಮನೆಗೂ ಕೇಳುತ್ತೆ!"

"ವಾರಕ್ಕೆ ಆರು ಗಂಟೆ ಹೊತ್ತು ಮಷೀನು ನಿಂತ್ರೆ ನಾಲ್ಕು ಕೋಟು ಹೋಯ್ತು" ಅಂದಳು ಟೈಲರಮ್ಮ. "ಅದನ್ನ ಯಾವ ಮನೇಲಿ ಬರೀತೀಯ ಆ ಕಾಗದದ ಮೇಲೆ?"

"ಹನ್ನೆರಡೇ ವಾರ ಅಮ್ಮ."

ಟೈಲರಮ್ಮ ಒಪ್ಪಿದಳು. ಅಷ್ಟೇ ಅಲ್ಲ, ಮಷೀನಿಗೆ ಕಚ್ಚಿಸಿದ್ದ ಪುಟ್ಟ ದೀಪವನ್ನೂ ಬಿಚ್ಚಿ ಮಗಳ ಮೇಜಿಗೆ ಕೊಟ್ಟಳು ಟೈಲರಮ್ಮ. ಮಗಳು ಮಬ್ಬುಗತ್ತಲಲ್ಲಿ ಕೂತು ಕಣ್ಣು ಕಿರಿದು ಮಾಡುವುದನ್ನು ನೋಡಲಾಗಲಿಲ್ಲ. ತಾನು ಕಿಟಕಿ ಬೆಳಕಿಗೆ ಮಷೀನು ಒಂದು ಗೇಣು ಎಳೆದುಕೊಂಡಳು.

ಮೊದಲ ಬುಧವಾರ, ಮಗಳು ಅಂಗಡಿಗೆ ಹೋದ ಮೇಲೆ, ಮಾಸ್ಟ್ರು ಹಾಡನ್ನು ಸ್ಪೀಕರಿನಲ್ಲಿ ಹಾಕಿದರು. ಹೆಡ್‌ಫೋನ್ ಮುಟ್ಟಲಿಲ್ಲ. ಟೈಲರಮ್ಮ ನೆಲದ ಮೇಲೆ ಕೂತು ಬೀನ್ಸ್ ಹೆಚ್ಚುತ್ತಿದ್ದಳು. ಒಂದು ಸಲ ಕೇಳಿದರು, ಎರಡು ಸಲ ಕೇಳಿದರು. ಮೂರನೇ ಸಲ ಅವಳ ಕಡೆ ತಿರುಗದೆಯೇ ಅಂದರು: "ಏನಾದ್ರೂ ಚುಚ್ಚುತ್ತಾ?"

ಈಳಿಗೆಯ ಮೇಲೆ ಅವಳ ಕೈ ನಿಂತಿತು. ಕೇಳಬಾರದ ಪ್ರಶ್ನೆ ಅವರು ಕೇಳಿಯಾಗಿತ್ತು. ಅವಳು ಮತ್ತೆ ಬೀನ್ಸ್ ಕೈಗೆತ್ತಿಕೊಂಡು ಹೇಳಿದಳು: "ಹಾಡೋ ಹುಡುಗಿ 'ಸ' ಅಂದಾಗೆಲ್ಲ ಹೊಸಾ ಬಟ್ಟೆ ಹರಿದ ಹಾಗಾಗುತ್ತೆ. ಹಲ್ಲು ಜುಂ ಅನ್ನುತ್ತೆ."

"ಪ್ರತಿ 'ಸ'ನಾ, ಒಂದೊಂದಾ?"

"ಜೋರಾಗಿ ಹಾಡಿದಾಗ."

ಮಾಸ್ಟ್ರು ಬರೆದುಕೊಂಡರು. "ಮೈಕು ಬಾಯಿಗೆ ನೇರ ಇಟ್ಟಿದಾಳೆ. ಸ್ವಲ್ಪ ಓರೆ ಮಾಡ್ಬೇಕಿತ್ತು. ಮತ್ತೆ?"

"ಹಿಂದೆ ತಮಟೆ ಥರ ಒಂದು ಬರುತ್ತಲ್ಲ, ಅದರ ಜೊತೆ ಏನೋ ಚಿಟಿಚಿಟಿ. ಸೂಜಿ ಮೊಂಡಾದಾಗ ಬಟ್ಟೆ ತೂತಾಗದೆ ಟಪ್ ಟಪ್ ಅನ್ನುತ್ತಲ್ಲ, ಹಾಗೆ."

ಮಾಸ್ಟ್ರ ಪೆನ್ನು ಅಲ್ಲೇ ನಿಂತಿತು. ಎಷ್ಟೋ ದಿನದ ಮೇಲೆ ಅವರ ಮುಖದಲ್ಲಿ ಸ್ಟುಡಿಯೊದ ಕಾಲದ ನಗು ಬಂತು. "ಮೊಂಡು ಸೂಜಿ. ಇದಕ್ಕಿಂತ ಸರಿಯಾಗಿ ಯಾವನೂ ಹೇಳಲಾರ."

ತಗ್ಗಿನ ಸದ್ದು, ತಾಳ, ಯಾವ ವಾದ್ಯ ಯಾವುದನ್ನು ಮುಚ್ಚಿದೆ, ಇದೆಲ್ಲ ಅವರಿಗೇ ತಿಳಿಯುತ್ತಿತ್ತು. ಕಾಯಿಲೆ ಗೊತ್ತಾದರೆ ಮದ್ದು ಅವರ ಕೈಯಲ್ಲಿತ್ತು. ಎದ್ದು ಹೋಗುವಾಗ ಮಾತ್ರ ಅವರು ಬಾಗಿಲಲ್ಲಿ ನಿಂತರು.

"ಪುಟ್ಟಿಗೆ ಹೇಳ್ಬೇಡ."

"ನೀವೇ ಹೇಳ್ರೀ. ಏನಾಗುತ್ತೆ? ವಯಸ್ಸಾಯ್ತು ಅಷ್ಟೇ ತಾನೇ."

"ಹನ್ನೆರಡು ವಾರ ಹೋಗ್ಲಿ."

ಗುರುವಾರ ಮಾಸ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ದೊಡ್ಡ ಹೆಡ್‌ಫೋನ್ ಹಾಕಿ, ಕಣ್ಣು ಮುಚ್ಚಿ ತಲೆದೂಗಿ, "ಹೊಸಾ ಬಟ್ಟೆ ಹರಿದ ಹಾಗೆ", "ಮೊಂಡು ಸೂಜಿ" ಅಂದರು. ಓದುಗರು ಬಿದ್ದು ಬಿದ್ದು ನಕ್ಕರಂತೆ. ಮಾರನೆಯ ವಾರ ಹದಿನೇಳು ಜನ ಹಾಡು ಕಳಿಸಿದರು.

ವಾರಗಳು ಉರುಳಿದವು. ಕಂದು ಕಾಗದದ ಮನೆಗಳಿಗೆ ಒಂದೊಂದೇ ಗೀಟು ಬಿತ್ತು. ಬುಧವಾರ ಟೈಲರಮ್ಮ ಕೇಳುವಳು, ಗುರುವಾರ ಮಾಸ್ಟ್ರು ಹೇಳುವರು. "ಬಾಬಿನ್ ದಾರ ಸಡಿಲಾದ ಹಾಗೆ ಕೆಳಗೆ ಗಂಟು ಬೀಳ್ತಿದೆ." "ಒಳಗಿನ ಅಸ್ತರ್ರು ಹೊರಗೆ ಇಣುಕಿದ ಹಾಗೆ ನಿನ್ನ ಉಸಿರು ಇಣುಕ್ತಿದೆ." ಯಾರೋ ಒಬ್ಬ 'ದರ್ಜಿ ಮಾಸ್ಟ್ರು' ಅಂತ ಹೆಸರಿಟ್ಟ.

"ಅಪ್ಪ ನಿನ್ನ ಜೊತೆ ಮೂವತ್ತು ವರ್ಷ ಬಾಳಿ ಬಾಳಿ ನಿನ್ನ ಮಾತೇ ಕಲ್ತಿದಾನೆ ನೋಡಮ್ಮ" ಅಂದಳು ಮಗಳು, ತಟ್ಟೆಗೆ ಆಲೂಗಡ್ಡೆ ಪಲ್ಯ ಬಡಿಸಿಕೊಳ್ಳುತ್ತ. "ಆದ್ರೆ ಕಿವಿ! ಆ ವಯಸ್ಸಿಗೆ ಆ ಕಿವಿ ಯಾರಿಗಿದೆ!"

"ನನ್ನ ಮಗ" ಅಂದಳು ಅಜ್ಜಿ, ಅವಳ ತುಟಿಯನ್ನೇ ನೋಡುತ್ತಿದ್ದವಳು. ಆಮೇಲೆ ಸೊಸೆಯ ಕಡೆ ತಿರುಗಿ ಒಂದು ಕಣ್ಣು ಮಿಟುಕಿಸಿದಳು. ಟೈಲರಮ್ಮ ಪಲ್ಯದ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಪಾತ್ರೆ ತೊಳೆಯುವಾಗ ಅಜ್ಜಿ ಬಂದು ಪಕ್ಕದಲ್ಲಿ ನಿಂತಳು. "ಏನು ನೋಡ್ತೀಯ? ಅವನನ್ನ ಹೆತ್ತವಳು ನಾನು. ಅವನು ಮಾತಾಡೋವಾಗ ಜನರ ಕಣ್ಣು ನೋಡ್ತಿದ್ದ, ಈಗ ಬಾಯಿ ನೋಡ್ತಾನೆ. ನಾನೂ ಹಂಗೇ ಶುರು ಮಾಡಿದ್ದು. ಹತ್ತು ವರ್ಷ ಬರೀ ನಕ್ಕು ಕಾಲ ಹಾಕ್ದೆ."

"ಯಾಕೆ ಹೇಳ್ಲಿಲ್ಲ ಅತ್ತೆ ನೀವು?"

ಅಜ್ಜಿ ಈ ಪ್ರಶ್ನೆಗೆ ಗೋಡೆ ಕಡೆ ತಿರುಗಿದಳು.

ಎಂಟನೆಯ ವಾರ ಆಸ್ಪತ್ರೆಯಿಂದ ಆರು ಕೋಟು ವಾಪಸು ಬಂದವು. ಸಂಜೆ ಬೆಳಕು ಸಾಲದೆ ಜೇಬುಗಳು ಸೊಟ್ಟಗಾಗಿದ್ದವು. ಟೈಲರಮ್ಮ ಹೊಲಿಗೆ ಬಿಚ್ಚಲು ಕೂತಳು. ಅದು ಶನಿವಾರ, ಐದು ಗಂಟೆ. ಬಿಚ್ಚುವುದಕ್ಕೆ ಸದ್ದಿಲ್ಲ. ಹೊಲಿಯುವುದಕ್ಕಿದೆ. ಎರಡೇ ಎರಡು ಜೇಬು ಹಚ್ಚಿದ್ದಳು, ಮಗಳು ಒಳಕೋಣೆಯಿಂದ ಧಡಾರನೆ ಬಂದಳು.

"ಅಮ್ಮಾ! ಅರ್ಧ ಗಂಟೆ ಮಾತಾಡಿದ್ದು ಮಣ್ಣುಪಾಲು! ಮತ್ತೆ ಮೊದಲಿಂದ ಹೇಳ್ಬೇಕು ನಾನು!"

"ನಾನು ಆರು ಕೋಟು ಮೊದಲಿಂದ ಹೊಲೀಬೇಕು. ನೀನು ಬಾಯಲ್ಲಿ ಹೇಳೋದು, ನಾನು ಕೈಯಲ್ಲಿ."

"ನಿನಗೆ ನನ್ನ ಕೆಲಸ ಕೆಲಸಾನೇ ಅಲ್ಲ ಅಲ್ವಾ?"

"ಕೆಲಸ ಅಲ್ಲ ಅಂತ ಯಾರೇ ಅಂದ್ರು? ನಿನ್ನ ಕೆಲಸಕ್ಕೆ ನಾನು ಮಾಡೋದು ನಿನಗೆ ಗೊತ್ತಿದ್ರೆ..."

ಮಾಸ್ಟ್ರು ಪೇಪರಿನ ಹಿಂದಿಂದ ತಲೆ ಎತ್ತಿದರು. ಟೈಲರಮ್ಮ ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಗುಂಡುಸೂಜಿ ಕಚ್ಚಿಕೊಂಡಿದ್ದ ಬಾಯಿ, ನುಂಗುವುದು ಹುಷಾರಾಗಿ ನುಂಗಬೇಕಾಯಿತು.

ಹನ್ನೊಂದನೆಯ ವಾರದ ಕೊನೆಗೆ ಮಗಳು ಹನ್ನೆರಡನೆಯ ಮನೆಯಲ್ಲಿ ಏನೋ ಬರೆದು, ಅದರ ಮೇಲೊಂದು ಬಟ್ಟೆಚೂರು ಚುಚ್ಚಿ ಮುಚ್ಚಿದಳು. ಗುರುವಾರದ ತನಕ ತಡೆದುಕೊಳ್ಳಲಾಗದೆ ಮಾರನೆಯ ದಿನವೇ ಎಲ್ಲರ ಎದುರಿಗೆ ಬಟ್ಟೆ ತೆಗೆದಳು. 'ನನ್ನ ಹಾಡು' ಅಂತಿತ್ತು.

ನಾಲ್ಕು ವರ್ಷದಿಂದ ಮುಚ್ಚಿದ ಬಾಗಿಲ ಹಿಂದೆ ಅವಳು ಮಾಡುತ್ತಿದ್ದ ಹಾಡು. ಒಂದು ಸಲವೂ ಯಾರಿಗೂ ಕೇಳಿಸಿರಲಿಲ್ಲ. ಆ ರಾಗಕ್ಕೆ ಮಾತು ಸಿಕ್ಕಿದ್ದು ಈಚೆಗೆ. ದನಿ ಸೇರಿಸಿದ್ದು ಕಳೆದ ತಿಂಗಳಷ್ಟೇ, ರಾತ್ರಿ ಹೊತ್ತು ಅದೇ ಮೇಜಿನ ಮುಂದೆ ಕೂತು.

"ಅಪ್ಪ ಏನು ಹೇಳ್ತಾನೋ ಅದನ್ನ ಹಂಗೇ ಹಾಕೋದು. ಒಂದಕ್ಷರ ಕತ್ತರಿಸಲ್ಲ. ಕೆಟ್ಟದಾಗಿದೆ ಅಂದ್ರೂ ಸರಿ. ಓದುಗರಿಗೆ ಆಗ ಗೊತ್ತಾಗುತ್ತೆ, ಈ ಮನೇಲಿ ಮಗಳು ಅಂತ ರಿಯಾಯಿತಿ ಇಲ್ಲ."

ಆ ಮಧ್ಯಾಹ್ನ ಅವಳು ಅದನ್ನು ಬಾಗಿಲು ತೆಗೆದು ಹಾಕಿದಳು. ಟೈಲರಮ್ಮ ಅಡುಗೆಮನೆಯಲ್ಲಿ ಈರುಳ್ಳಿ ಸುಲಿಯುತ್ತಿದ್ದವಳು ಹಾಗೇ ನಿಂತಳು. ಮಗಳ ದನಿ ಇಷ್ಟು ದೊಡ್ಡವಳ ದನಿ ಆಗಿದ್ದು ಯಾವಾಗ? ಕಣ್ಣಲ್ಲಿ ನೀರು ಬಂತು, ಈರುಳ್ಳಿಯ ನೆಪವಿತ್ತು. ಆಗಲೇ ಅದು ಕಿವಿಗೆ ಬಿತ್ತು. ದನಿಯ ಹಿಂದೆ, ಮೇಲೆ, ಕೂದಲೆಳೆಯಷ್ಟು ಸಣ್ಣ ಸಿಳ್ಳೆ. ಮಗಳು ಹಾಡಿದಷ್ಟು ಹೊತ್ತೂ ಇದೆ, ನಿಲ್ಲಿಸಿದರೆ ಇಲ್ಲ. ಎಲ್ಲೋ ಕೇಳಿದ ಸದ್ದು. ವರ್ಷಗಟ್ಟಲೆ ಕೇಳಿದ ಸದ್ದು. ಎಲ್ಲಿ ಅನ್ನುವುದು ಮಾತ್ರ ನೆನಪಾಗಲಿಲ್ಲ.

ಕೈ ಒರೆಸಿಕೊಂಡು ಹೋದಳು. "ಪುಟ್ಟಿ, ತುಂಬ ಚೆನ್ನಾಗಿದೆ ಕಣೇ. ಒಂದೇ ಒಂದು... ಅದರಲ್ಲಿ ಸಿಳ್ಳೆ ಥರ ಏನೋ ಬರುತ್ತೆ. ಸೂಜಿಮೊನೆಯಷ್ಟು ಸಣ್ಣಗೆ."

"ಸಿಳ್ಳೆನಾ?" ಮಗಳು ಮತ್ತೆ ಹಾಕಿ ಕೇಳಿದಳು. ಮೇಜಿನ ಮೇಲೆ ಪುಟ್ಟ ದೀಪ ಉರಿಯುತ್ತಿತ್ತು. "ಎಲ್ಲಿದೆ? ಏನೂ ಇಲ್ಲ."

"ಇದೆ. ಈಗಲೂ ಇತ್ತು."

"ಅಮ್ಮ, ಮೂವತ್ತು ವರ್ಷ ಮಷೀನು ತುಳಿದು ನಿನ್ನ ಕಿವೀಲೇ ಸಿಳ್ಳೆ ಇದೆ. ಸಾವಿರ ಸಲ ಕೇಳಿದೀನಿ ಇದನ್ನ."

"ಆ ಕಂಪ್ಯೂಟರಿನ ಪರದೇಲಿ ಸದ್ದಿನ ಗೆರೆ ಗೆರೆ ಕಾಣುತ್ತಲ್ಲ, ಅದರಲ್ಲಿ ನೋಡು ಬೇಕಾದ್ರೆ."

"ಪರದೆ ನೋಡಬೇಡಿ, ಕಿವಿ ನಂಬಿ. ನನ್ನ ಮೊದಲನೇ ಪಾಠ. ಅಪ್ಪ ಕಲಿಸಿದ್ದು" ಅಂದು ಮಗಳು ಅಮ್ಮನ ಭುಜ ಹಿಡಿದು, ಪ್ರೀತಿಯಿಂದಲೇ, ಅಡುಗೆಮನೆ ಕಡೆ ತಿರುಗಿಸಿದಳು. "ತಪ್ಪಿದ್ರೆ ಅಪ್ಪನ ಕಿವಿಗೆ ಬೀಳದೆ ಇರುತ್ತಾ? ಗುರುವಾರ ಅವನೇ ಹೇಳ್ಲಿ."

ಬುಧವಾರಕ್ಕೆ ಕಾಯುವುದೊಂದೇ ಉಳಿಯಿತು. ಬುಧವಾರ ಮಗಳು ಅಂಗಡಿಗೆ ಹೋದ ಮೇಲೆ ಮಾಸ್ಟ್ರು ಸ್ಪೀಕರಿನ ಹತ್ತಿರ ಹೋಗಲಿಲ್ಲ. ಪೇಪರು ಹಿಡಿದು ಕೂತರು.

"ಹಾಡು ಹಾಕಲ್ವಾ?"

"ಈ ಸಲ ಬೇಡ."

"ಬೇಡ ಅಂದ್ರೆ? ರೀ, ಅದರಲ್ಲಿ ಸಿಳ್ಳೆ ಇದೆ. ನಾನು ಕೇಳಿದೀನಿ. ಹಾಡಿನುದ್ದಕ್ಕೂ ಇದೆ. ಅವಳಿಗೆ ಹೇಳ್ದೆ, ನಂಬಲಿಲ್ಲ. ನಾಳೆ ನೀವು ಹೇಳ್ಬಿಡಿ, ಸರಿ ಮಾಡ್ಕೋತಾಳೆ."

ಮಾಸ್ಟ್ರು ಪೇಪರು ಮಡಚಿದರು. ಮಡಚಿದ್ದನ್ನು ಮತ್ತೆ ಮಡಚಿದರು. "ಹನ್ನೊಂದು ವಾರ ನೀನು ಹೇಳಿದ್ದನ್ನ ನಾನು ಹೇಳ್ದೆ. ಅವರ್ಯಾರೋ. ಇದು ಪುಟ್ಟಿ ಹಾಡು. ನನ್ನ ಕಿವಿಗೆ ಬೀಳದ್ದನ್ನ ಬಿತ್ತು ಅಂತ ಅವಳಿಗೆ ಹೇಳಲ್ಲ."

"ಹಂಗಾದ್ರೆ ಬೀಳಲ್ಲ ಅಂತಾದ್ರೂ ಹೇಳಿ! ಕಿವಿ ಹೋಗಿದೆ ಪುಟ್ಟಿ ಅಂತ ಇವತ್ತೇ ಹೇಳಿ!"

"ಹೇಳಿದ್ರೆ ಹನ್ನೊಂದು ಗುರುವಾರ ಏನಾಗುತ್ತೆ? ಅವಳ ಹೆಸರು ಏನಾಗುತ್ತೆ? ಕಿವುಡನ್ನ ಕೂರಿಸ್ಕೊಂಡು ಊರಿಗೆ ಪಾಠ ಹೇಳಿದ್ಲು ಅಂತ..." ಅವರ ದನಿ ಸಣ್ಣಗಾಯಿತು. "ಇನ್ನೊಂದೇ ವಾರ ಇತ್ತು ಕಣೇ."

"ಅದೇ ಒಂದು ವಾರಕ್ಕೆ ಅವಳ ನಾಲ್ಕು ವರ್ಷ ಹೋಗುತ್ತಲ್ರೀ."

"ಸಿಳ್ಳೆ ಇಲ್ಲದೇನೂ ಇರಬಹುದು. ನಿನಗೂ ವಯಸ್ಸಾಯ್ತು."

ಟೈಲರಮ್ಮ ಎದ್ದಳು. ಅಡುಗೆಮನೆಗೆ ಹೋಗಿ ಅನ್ನಕ್ಕೆ ಇಟ್ಟಳು. ಅಕ್ಕಿ ತೊಳೆದ ನೀರು ಚೆಲ್ಲಲು ಮರೆತು ಅದರಲ್ಲೇ ಬೇಯಿಸಿದಳು. ಸಂಜೆ ಮಗಳು ಬಂದಾಗ ಇನ್ನೊಮ್ಮೆ ಹೇಳೋಣ ಅಂತ ಬಾಗಿಲವರೆಗೆ ಹೋದಳು. ಮಗಳು ಕನ್ನಡಿ ಮುಂದೆ ನಿಂತು ನಾಳೆಗೆ ಯಾವ ಅಂಗಿ ಅಂತ ಎರಡನ್ನು ಎದೆಗೆ ಹಿಡಿದು ನೋಡುತ್ತಿದ್ದಳು. "ಅಮ್ಮ, ಇದಾ ಅದಾ?" ಅಂದಳು. "ನೀಲಿ" ಅಂದು ಟೈಲರಮ್ಮ ವಾಪಸು ಬಂದಳು.

ಗುರುವಾರ ನಾಲ್ಕು ಗಂಟೆ. ಪಡಸಾಲೆಯ ಕುರ್ಚಿಯಲ್ಲಿ ಮಾಸ್ಟ್ರು, ಇಸ್ತ್ರಿ ಅಂಗಿ. ಮಗಳು ಕ್ಯಾಮರಾ ನಿಲ್ಲಿಸಿ, ಅಜ್ಜಿಯನ್ನೂ ಅಮ್ಮನನ್ನೂ ಹೊರಗೆ ಮೆಟ್ಟಿಲ ಮೇಲೆ ಕೂರಿಸಿದಳು. "ಇವತ್ತು ಸೊಪ್ಪು ಸೋಸೋ ಸದ್ದೂ ಬೇಡ, ದಯವಿಟ್ಟು" ಅಂದು ಕೈ ಮುಗಿದು ಬಾಗಿಲು ಹಾಕಿಕೊಂಡಳು.

ಮೆಟ್ಟಿಲ ಮೇಲೆ ಅತ್ತೆ ಸೊಸೆ ಒತ್ತಾಗಿ ಕೂತರು. ಇವತ್ತು ಸ್ಪೀಕರಿನಲ್ಲೇ ಹಾಕಿದ್ದಳು, ಬಾಗಿಲ ಸಂದಿಯಿಂದ ಹಾಡು ಬಂತು. ಅದರ ಜೊತೆ ಸಿಳ್ಳೆಯೂ ಬಂತು.

"ಶುರುವಾಯ್ತಾ?" ಅಂದಳು ಅಜ್ಜಿ.

ಟೈಲರಮ್ಮ ತಲೆಯಾಡಿಸಿದಳು.

"ಚೆನ್ನಾಗಿದೆಯಾ?"

ಮತ್ತೆ ತಲೆಯಾಡಿಸಿದಳು. ಅಜ್ಜಿ ಅವಳ ಮುಖ ನೋಡಿದಳು, ಅವಳ ಕೈ ತೆಗೆದುಕೊಂಡು ತನ್ನ ಮಡಿಲಲ್ಲಿಟ್ಟುಕೊಂಡಳು.

ಹಾಡು ನಿಂತಿತು. ಆಮೇಲೆ ಮಾಸ್ಟ್ರ ದನಿ.

"ಮಧ್ಯದಲ್ಲಿ ತಾಳ ಒಂದು ಕೂದಲಷ್ಟು ಹಿಂದೆ ಬಿದ್ದಿದೆ. ಅದು ಚೆಂದವೇ, ಹಾಗೇ ಬಿಡು. ಕೊನೇಲಿ ಅವಸರ ಇಲ್ಲ. ಮೂಗಿಂದ ಹಾಡಿಲ್ಲ." ಕುರ್ಚಿ ಕಿರುಗುಟ್ಟಿತು. "ತಪ್ಪು ಅಂತ... ನನ್ನ ಕಿವಿಗೆ ಯಾವ ತಪ್ಪೂ ಬೀಳಲಿಲ್ಲ."

"ಅಪ್ಪ, ನಿಜವಾಗ್ಲೂ?"

"ನಿಜವಾಗ್ಲೂ. ನನ್ನ ಕಿವಿಗೆ ಬೀಳಲಿಲ್ಲ."

ಮಗಳು ಅಳುವುದು ಕೇಳಿಸಿತು. ಇಪ್ಪತ್ತೊಂದು ವರ್ಷದ ಹಿಂದಿನ ಅಳುವಲ್ಲ. ಬಾಗಿಲು ತೆಗೆದು ಬಂದು ಅಮ್ಮನನ್ನೂ ಅಜ್ಜಿಯನ್ನೂ ಒಟ್ಟಿಗೇ ತಬ್ಬಿಕೊಂಡಳು. "ಕೇಳಿದ್ಯಾ ಅಮ್ಮ? ಒಂದೂ ತಪ್ಪಿಲ್ಲವಂತೆ!" ಟೈಲರಮ್ಮ ಮಗಳ ಬೆನ್ನು ಸವರಿದಳು. ಅಷ್ಟು ಬಿಟ್ಟು ಬೇರೇನು ಮಾಡಬಹುದು ಅಂತ ಅವಳಿಗೆ ಹೊಳೆಯಲಿಲ್ಲ. ಆ ರಾತ್ರಿ ಊಟಕ್ಕೆ ಮಗಳು ಬೇಕರಿಯಿಂದ ಕೇಕು ತಂದಳು. ಮಾಸ್ಟ್ರು ತಿನ್ನಲಿಲ್ಲ, ಹಲ್ಲು ನೋವು ಅಂದರು.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಓದುಗರು ಬರೆಯತೊಡಗಿದರು. ಮೊದಲಿನವರು ಮೆಚ್ಚಿ ಬರೆದರು. ಆಮೇಲೆ ಒಬ್ಬ: ಹಾಡಿನುದ್ದಕ್ಕೂ ಒಂದು ಕೀರಲು ಸದ್ದಿದೆಯಲ್ಲ, ಬೇಕಂತಲೇ ಹಾಕಿದ್ದಾ? ಇನ್ನೊಬ್ಬ: ನನ್ನ ನಾಯಿ ಎದ್ದು ಹೋಯ್ತು. ಮತ್ತೊಬ್ಬ: ಪರದೆ ನೋಡಬೇಡಿ ಅಂತ ಪಾಠ ಹೇಳಿದ್ರಲ್ಲ, ಒಂದ್ಸಲ ನೋಡಿ. ಮಾಸ್ಟ್ರಿಗೆ ಮಗಳು ಅಂದ ಕೂಡ್ಲೆ ಕಿವಿ ಮುಚ್ಚಿಹೋಯ್ತು ಅಂತ ಬರೆದವರೇ ಹೆಚ್ಚು. ಸಂಜೆಗೆ ಅಂಥವು ನೂರು ದಾಟಿದವು.

ಮಗಳು ಪರದೆ ನೋಡಿದಳು. ಮೇಲ್ತುದಿಯಲ್ಲಿ, ದಾರ ಎಳೆದು ಕಟ್ಟಿದ ಹಾಗೆ ನೇರ ಗೆರೆ. ಕೋಣೆಯ ನಡುವೆ ನಿಂತು ಸುತ್ತ ನೋಡಿದಳು. ಒಂದೊಂದೇ ಸ್ವಿಚ್ಚು ಆರಿಸಿದಳು. ಫ್ಯಾನು ಅಲ್ಲ. ಕಂಪ್ಯೂಟರು ಅಲ್ಲ. ಕೊನೆಗೆ ದೀಪದ ಪ್ಲಗ್ಗು ಕಿತ್ತಳು. ಆಗ ಕೋಣೆ ನಿಶ್ಶಬ್ದವಾಯಿತು. ಇಷ್ಟು ದಿನ ಅದು ನಿಶ್ಶಬ್ದವಾಗಿರಲಿಲ್ಲ ಅನ್ನುವುದು ಅವಳಿಗೆ ಆಗಲೇ ತಿಳಿದದ್ದು. ಆ ಸದ್ದಿನೊಳಗೇ ಕೂತು ಹಾಡಿ, ಆ ಸದ್ದಿನೊಳಗೇ ಕೂತು ಸಾವಿರ ಸಲ ಕೇಳಿದ್ದಳು.

ಬಾಗಿಲಲ್ಲಿ ನಿಂತಿದ್ದ ಟೈಲರಮ್ಮನಿಗೂ ಆಗಲೇ ನೆನಪಾಯಿತು. ಅವಳ ಮಷೀನಿನ ದೀಪ. ವರ್ಷಗಟ್ಟಲೆ ಮಷೀನಿನ ಗದ್ದಲದ ಕೆಳಗೆ ಕೇಳಿದ ಸದ್ದು.

ಮಗಳು ದೀಪ ಕೈಯಲ್ಲಿ ಹಿಡಿದು ಪಡಸಾಲೆಗೆ ಬಂದಳು. "ಅಪ್ಪ, ನಿನಗೆ ಇದು ಕೇಳಿಸ್ಲಿಲ್ವಾ?"

"ಇಲ್ಲ."

"ಈಗ?" ಮಷೀನಿನ ಪಕ್ಕದ ಪ್ಲಗ್ಗಿಗೆ ಹಾಕಿ ಅವರ ಕಿವಿಯ ಹತ್ತಿರ ಹಿಡಿದಳು.

ಮಾಸ್ಟ್ರು ಮಗಳ ಬಾಯಿ ನೋಡಿದರು, ದೀಪ ನೋಡಿದರು. "ಇಲ್ಲ ಪುಟ್ಟಿ."

"ನಿನಗೆ?" ಅಮ್ಮನ ಕಡೆ ತಿರುಗಿದಳು.

"ಕೇಳುತ್ತೆ."

"ಹನ್ನೊಂದು ವಾರ?"

ಮಾಸ್ಟ್ರು ಹೆಂಡತಿಯ ಕಡೆ ನೋಡಿದರು. ಟೈಲರಮ್ಮನೇ ಅಂದಳು: "ನಾನೇ ಕೇಳ್ತಿದ್ದೆ. ಬುಧವಾರ."

ಮಗಳಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೊಂಡು ಸೂಜಿ, ಬಾಬಿನ್, ಅಸ್ತರ್ರು. ನಗು ಬಂದ ಹಾಗೆ ಮುಖ ಮಾಡಿದಳು, ನಗಲಿಲ್ಲ. "ಗೊತ್ತಿದ್ದೂ ಬಿಟ್ಟೆಯಲ್ಲಮ್ಮ."

"ಹೇಳಿದ್ನಲ್ಲೇ."

"ಒಂದ್ಸಲ ಹೇಳ್ದೆ. ನಾನು ಅಂಗಿ ಎತ್ತಿ ಹಿಡಿದಾಗ ನೀಲಿ ಅಂದೆ. ಆಗ ಯಾಕೆ ಹೇಳ್ಲಿಲ್ಲ? ಜುಟ್ಟು ಹಿಡಿದು ಕೂರಿಸಿ ಹೇಳ್ಬೇಕಿತ್ತು!"

"ನನ್ನ ಮಾತು ಯಾರೇ ನಂಬ್ತಿದ್ರು ಈ ಮನೇಲಿ?"

"ಜಗಳಾನಾ?" ಅಂದಳು ಅಜ್ಜಿ ಮಂಚದಿಂದ. ಯಾರೂ ಅವಳ ಕಡೆ ತಿರುಗಲಿಲ್ಲ. ಎಲ್ಲರ ತುಟಿಯೂ ಮುಚ್ಚಿತ್ತು. ಓದಲು ಏನೂ ಇರಲಿಲ್ಲ.

ಮಗಳು ಶನಿವಾರದ ಉತ್ತರಗಳಿಗೆ ಕೂತಳು. ಬಂದಿದ್ದ ಪ್ರಶ್ನೆ ಒಂದೇ: ಮಾಸ್ಟ್ರಿಗೆ ಅದು ಯಾಕೆ ಕೇಳಲಿಲ್ಲ? ನಿಜ ಬರೆದರೆ ಅಪ್ಪ ಬೀದಿಗೆ ಬರುತ್ತಾನೆ. ಬೇರೆ ಏನು ಬರೆದರೂ ಸುಳ್ಳು. ಬರೆದಳು, ಅಳಿಸಿದಳು. ಮಾಸ್ಟ್ರು ಎರಡು ಸಲ ಕೋಣೆಯ ಬಾಗಿಲವರೆಗೆ ಬಂದು, "ನಾನೇ ಕ್ಯಾಮರಾ ಮುಂದೆ ಹೇಳ್ತೀನಿ ಬಿಡು" ಅಂದರು. "ಏನಂತ ಅಪ್ಪ? ಹನ್ನೊಂದು ವಾರ ಮೋಸ ಮಾಡಿದ್ವಿ ಅಂತಾನಾ?" ಅಂದಳು ಮಗಳು, ಹಿಂದೆ ತಿರುಗದೆ. ಶನಿವಾರ ಏನೂ ಹಾಕಲಿಲ್ಲ. ಹನ್ನೆರಡನೆಯ ವಾರದ ಕೊನೆಯ ಮನೆ ಖಾಲಿಯೇ ಉಳಿಯಿತು. ಅಂಗಡಿಯ ಯಜಮಾನರು ಸೋಮವಾರ ಫೋನು ಮಾಡಿ, "ಒಂದೇ ಒಂದು ತಪ್ಪಿತಲ್ಲಮ್ಮ" ಅಂದರು. ಅವರ ದನಿಯಲ್ಲಿ ಬೇಜಾರೇ ಇತ್ತು. ಜಾಹೀರಾತು ಮಾತ್ರ ಇಲ್ಲ. ವಾರವಿಡೀ ಅಂಗಡಿಗೆ ಬರುವುದಾದರೆ ಬಾ ಅಂದರು. ಅವಳು ಹೂಂ ಅಂದಳು.

ಗೋಡೆಯ ಕಾಗದವನ್ನು ಅವಳೇ ಇಳಿಸಿದಳು. ಗುಂಡುಸೂಜಿಗಳನ್ನು ಎಣಿಸಿ ಡಬ್ಬಿಗೆ ಹಾಕಿ, ಕಾಗದ ಸುತ್ತಿ ಮಷೀನಿನ ಮೇಲಿಟ್ಟಳು. ಟೈಲರಮ್ಮ ಅದರ ಖಾಲಿ ಬದಿಯಲ್ಲಿ ಕೋಟಿನ ಕಾಲರು ಬರೆದು ಕತ್ತರಿಸಿದಳು. ಗುರುವಾರ ನಾಲ್ಕು ಗಂಟೆಗೆ ಮಷೀನು ಓಡುತ್ತಿತ್ತು. ದೀಪ ಮತ್ತೆ ಅದರ ಕುತ್ತಿಗೆಗೆ ಬಂದಿತ್ತು. ಮಾಸ್ಟ್ರು ಪಕ್ಕದಲ್ಲೇ ಕೂತು ಕೋಟುಗಳಿಗೆ ಗುಂಡಿ ಹಚ್ಚುತ್ತಿದ್ದರು.

ಮಗಳ ಹಾಡಿಗೆ ತನ್ನ ಕಿವಿಗೆ ಬಿದ್ದದ್ದನ್ನೇ ಹೇಳುತ್ತೇನೆ ಅಂತ ಅವರು ಮಾತು ಕೊಟ್ಟಿದ್ದರು. ಆ ಮಾತು ಉಳಿಸಿಕೊಂಡರು.